ಮರಗಮ್ಮನ ಕಟ್ಟೆಯ ಹ್ಯಾಂಡಲುಗಳು

"ತಿರುವಲೇ ಸೂಳಿಮಗನ! ನಿಮ್ಮವ್ವ ನಿನಗ ಹಾಲ ಕುಡಿಸ್ಯಾಳೋ, ಬರೇ ಅಂಬಲಿ ಕುಡಿಸ್ಯಾಳೋ?"

ಡ್ರೈವರ್ ಶಿವರಾಯ ಮೇಲೆ ಸೀಟಿನಲ್ಲಿ ಕೂತು ಬೈಯುತ್ತಿದ್ದ. ನಾನು ಕೆಳಗೆ, ಇಂಜಿನ್ ಸುರು ಮಾಡಲು ಲಾರಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವುತ್ತಿದ್ದೆ. ಕಲ್ಯಾಣಪ್ಪ ಸಾವ್ಕಾರನ ಲಾರಿಗಳೆಲ್ಲ ಹಳೇ ಪೆಟ್ರೋಲ್ ಗಾಡಿಗಳು. ಒಂದರ ಬ್ಯಾಟರಿಯೂ ನೆಟ್ಟಗಿರಲಿಲ್ಲ. ಹೊಸ ಬ್ಯಾಟರಿಗಿಂತ ಕ್ಲೀನರನ ರಟ್ಟೆ ಅಗ್ಗ ಎಂಬುದು ಸಾವ್ಕಾರನಿಗೆ ಚೆನ್ನಾಗಿ ಗೊತ್ತಿತ್ತು. ಹ್ಯಾಂಡಲ್ ಒಮ್ಮೊಮ್ಮೆ ಉಲ್ಟಾ ಒದೆಯುತ್ತದೆ. ಜೇವರ್ಗಿ ಕಡೆ ತೊಗರಿ ತರಲು ಹೋದಾಗ ಕೊಳಕೂರದ ಹಾದಿಯಲ್ಲಿ ಹಾಗೆ ಒದ್ದೇ ನನ್ನ ಬಲಗೈ ಮಣಿಕಟ್ಟು ಸೊಟ್ಟಗಾಯಿತು. ಆವತ್ತೂ ಶಿವರಾಯ ಸೀಟು ಬಿಟ್ಟು ಇಳಿಯಲಿಲ್ಲ. "ಎಡಗೈ ಅದ ಇಲ್ಲ? ಅದ್ರಲೆ ತಿರುವು" ಅಂದ. ತಿರುವಿದೆ. ಮತ್ತೇನು ಮಾಡಲಿ?

ಹ್ಯಾಂಡಲ್ ಮುಟ್ಟುವುದೆಂದರೆ ಡ್ರೈವರರಿಗೆ ಕೀಳು. ಅದು ನಮ್ಮ ಕೇರಿಯವರ ಕೆಲಸ. ಕ್ಲೀನರರು, ಹಮಾಲರು, ಗ್ಯಾರೇಜಿನ ಕಸ ಹೊಡೆಯುವ ಹೆಂಗಸರು, ಎಲ್ಲರೂ ಆಳಂದದ ಹೊಲಗೇರಿಯವರೇ. ನಾನು ಹುಲೆಪ್ಪ, ತಲೆಗೂದಲು ಬೆಳ್ಳಗಾಗುತ್ತಿದ್ದರೂ ಕ್ಲೀನರ್. ಲಾರಿ ಓಡಿಸಲು ಬರುವುದಿಲ್ಲ ಅಂತಲ್ಲ. ಶಿವರಾಯ ಕುಡಿದು ಬಿದ್ದಾಗಲೆಲ್ಲ ಅಫಜಲಪುರದಿಂದ ಗಾಡಿ ತಂದವನು ನಾನೇ. ಊರು ಕಾಣುತ್ತಲೇ ಅವನನ್ನು ಎಬ್ಬಿಸಿ, ಮುಖಕ್ಕೆ ನೀರು ಹೊಡೆದು, ಸೀಟಿಗೆ ಕೂಡಿಸಿ, ನಾನು ಹಿಂದೆ ಚೀಲಗಳ ಮೇಲೆ ಹತ್ತಬೇಕಿತ್ತು. ಹೊಲೆಯ ಸ್ಟೇರಿಂಗ್ ಹಿಡಿದದ್ದು ಊರ ಮಂದಿಯ ಕಣ್ಣಿಗೆ ಬೀಳಬಾರದಲ್ಲ!

ಎಮರ್ಜೆನ್ಸಿಯ ಹಿಂದಿನ ವರ್ಷ ಸಾವ್ಕಾರ ಕಂಪನಿ ದಿವಾಳಿಯಾಯಿತು, ಮಾರಿಬಿಡುತ್ತೇನೆ, ಯಾರ ಕೆಲಸಕ್ಕೂ ತಾನು ಹೊಣೆಯಲ್ಲ ಎಂದು ಕೈ ಎತ್ತಿದ. ಅಳಿಯನ ಹೆಸರಲ್ಲಿ ಎಣ್ಣೆ ಮಿಲ್ಲು ಎದ್ದು ನಿಂತದ್ದು ಊರಿಗೆಲ್ಲ ಕಾಣುತ್ತಿತ್ತು, ದಿವಾಳಿ ಮಾತ್ರ ನಮಗಷ್ಟೇ ಕಂಡಿತು. ಡ್ರೈವರರ ಯೂನಿಯನ್ ಸ್ಟ್ರೈಕ್ ಹೂಡಿತು. ಶಿವರಾಯನೇ ಅಧ್ಯಕ್ಷ. ನಮ್ಮನ್ನೂ ಸೇರಿಸಿಕೊಳ್ಳಿರಿ ಎಂದು ಕೇಳಿದರೆ, "ನೀವೇನ್ ಡ್ರೈವರ್ ಏನಲೇ? ದೂರ ಕುಂದರ್ರಿ" ಅಂದರು. ದೂರ ಕೂತೆವು. ಅವರ ತಾಡಪತ್ರಿ ಅವರಿಗೆ, ನಮಗೆ ಬಿಸಿಲು. ಅವರ ಕೊಡ ಅವರಿಗೆ, ನಮಗೆ ಯಾರಾದರೂ ಮೇಲಿನಿಂದ ಬೊಗಸೆಗೆ ಹನಿಸಿದರೆ ನೀರು.

ಮಾರುವತನಕ ಗಾಡಿ ಓಡಿಸಲು ಸಾವ್ಕಾರ ಸೊಲ್ಲಾಪುರದಿಂದ ಬೇರೆ ಡ್ರೈವರರನ್ನು ಕರೆಸಿದ ದಿನ ಯೂನಿಯನ್ನಿನ ಮುಖ ಒಣಗಿಹೋಯಿತು. ಸ್ಟ್ರೈಕ್ ಮುರಿದೇಬಿಟ್ಟಿತು ಅನ್ನುವಷ್ಟರಲ್ಲಿ ನಮ್ಮವ್ವ ನಿಂಬೆವ್ವ ಕಸಬರಿಗೆ ಒಗೆದು ಎದ್ದಳು. ಆ ಗ್ಯಾರೇಜಿನ ಕಸ ಹೊಡೆದೇ ಮುದುಕಿಯಾದವಳು ಅವಳು.

"ಲೇ ಹುಲ್ಯಾ, ಡ್ರೈವರ್ ಎಷ್ಟ ಮಂದಿ ಬಂದ್ರೇನೋ? ಹ್ಯಾಂಡಲ್ ಇಲ್ಲದ ಗಾಡಿ ಏನ್ ಅವರಪ್ಪನ ಹೆಸರ ಹೇಳಿದ್ರ ಸುರು ಆಗತೇತಿ? ತರ್ರಿ ಎಲ್ಲಾ ಹ್ಯಾಂಡಲ್ ಮರಗಮ್ಮನ ಕಟ್ಟಿಗಿ. ಅಲ್ಲಿಗಿ ಯಾವ ಗಂಡಸ ಬರ್ತಾನ ನೋಡ್ತೇನಿ!"

ತಂದೆವು. ಕೇರಿಯ ನಡುವೆ ನಮ್ಮ ದೇವಿ ಮರಗಮ್ಮನ ಕಟ್ಟೆಯ ಮೇಲೆ ಹ್ಯಾಂಡಲುಗಳನ್ನು ಜೋಡಿಸಿ ಅರಿಸಿನದ ಭಂಡಾರ ಹಚ್ಚಿದೆವು. ಸಾವ್ಕಾರನ ಮಂದಿ ಓಣಿಯ ಬಾಯಿಗೆ ಬಂದು ಉಗುಳಿ ಹೋದರು. ಪೊಲೀಸ್ ಫೌಜದಾರನೂ ಅಲ್ಲಿಂದಲೇ ಕೂಗಾಡಿ ಜೀಪು ತಿರುಗಿಸಿದ. ಒಳಗೆ ಬಂದರೆ ಮನೆಗೆ ಹೋಗಿ ಸ್ನಾನ ಮಾಡಬೇಕಲ್ಲ. ನಮ್ಮನ್ನು ದೂರ ಇಟ್ಟ ಮೈಲಿಗೆಯೇ ನಮ್ಮ ಹ್ಯಾಂಡಲುಗಳನ್ನು ಕಾಪಾಡಿತು. ಸೊಲ್ಲಾಪುರದ ಡ್ರೈವರರು ಬಂದ ದಾರಿ ಹಿಡಿದರು.

ನಾವು ಕೇಳಿದ್ದು ಒಂದೇ: ಕಂಪನಿ ಯಾರ ಕೈಗೇ ಹೋಗಲಿ, ಕೇರಿಯವರ ಕೆಲಸ ಹೋಗಬಾರದು.

ಆಗ ಶಿವರಾಯ ನಮ್ಮ ಕೇರಿಗೆ ಬಂದ. ಜೊತೆಗೆ ಡ್ರೈವರ್ ಸಲಾವುದ್ದೀನ. ಮಾದನಹಿಪ್ಪರಗಾದ ಲಿಂಗವಂತರ ಮನೆಯ ಗಂಡಸು ನಮ್ಮ ಹೊಸ್ತಿಲು ದಾಟಿದ್ದನ್ನು ನೋಡಲು ಇಡೀ ಓಣಿ ಬಾಗಿಲಿಗೆ ಬಂತು. ನಮ್ಮವ್ವ ಮನೆಯಲ್ಲಿದ್ದ ಒಂದೇ ಒಂದು ಪಿಂಗಾಣಿ ಕಪ್ಪನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ಚಾ ಕೊಟ್ಟಳು.

"ಎವ್ವಾ, ಸೊಲ್ಲಾಪುರದ ಸೇಟ್ ಕಂಪನಿ ತಗೊಳ್ಳಾಕತ್ತಾನ" ಅಂದ ಶಿವರಾಯ. "ಎಲ್ಲಾರನ್ನೂ ಇಟ್ಕೋತೇನಿ ಅಂದಾನ. ಆದ್ರ ಗಾಡಿ ಓಡೋದು ನೋಡಬೇಕಂತ. ಹ್ಯಾಂಡಲ್ ಕೊಡ್ರಿ. ನಿಮ್ಮ ಕೆಲಸದ ಜವಾಬ್ದಾರಿ ನಂದು."

ಮಾತು ಮುಗಿಸಿ ಕಪ್ಪು ಹಿಡಿದು ಹಿತ್ತಲ ಬಾಗಿಲಿಗೆ ಹೋದ. ನಮಗೆ ಬೆನ್ನು ಮಾಡಿ ನಿಂತ. ನಾಲ್ಕು ಮಂದಿಯ ಮುಂದೆ ಕುಡಿಯಲು ನಾಚಿಕೆಯಿರಬೇಕು ಎಂದುಕೊಂಡೆವು. ತಿರುಗಿ ಬಂದು ಖಾಲಿ ಕಪ್ಪು ಕೊಟ್ಟು, "ಚಾ ಛಲೋ ಆಗೇದ ನೋಡವ್ವಾ" ಅಂದ.

ನಮ್ಮವ್ವ ಸೆರಗು ಬಾಯಿಗಿಟ್ಟು ಅತ್ತೇಬಿಟ್ಟಳು. ಎವ್ವಾ ಅಂದನಲ್ಲ!

ಸಲಾವುದ್ದೀನ ಆವತ್ತೂ ನಮ್ಮ ಮನೆಯಲ್ಲಿ ತಗಡಿನ ಲೋಟದಲ್ಲಿ ಚಾ ಕುಡಿದ. ಅವನು ದಿನಾ ಕುಡಿಯುವವನೇ, ನಮ್ಮ ಗಂಗಾಳದಲ್ಲೇ ರೊಟ್ಟಿ ಮುರಿದವನೇ. ಹೋಗುವಾಗ ನನ್ನ ತೋಳು ಹಿಡಿದು, "ಹುಲೆಪ್ಪಾ, ಹ್ಯಾಂಡಲ್ ಕೊಡಬ್ಯಾಡೋ. ಕೊಟ್ರ ಕೆಟ್ಟಿ" ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಕುಡಿದ ಚಾ ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ ನೋಡಿ. ನಾವು ಕಾಯುತ್ತಿದ್ದುದು ಶಿವರಾಯನಂಥವರು ಕುಡಿಯುವ ಚಾಕ್ಕೆ. ಸಂಜೆಯೊಳಗೆ ಹ್ಯಾಂಡಲುಗಳನ್ನೆಲ್ಲ ಹೆಗಲ ಮೇಲೆ ಹೊತ್ತು, ನಗುನಗುತ್ತ ಗ್ಯಾರೇಜಿಗೆ ಮುಟ್ಟಿಸಿ ಬಂದೆವು.

ಆ ಕಪ್ಪನ್ನು ನಮ್ಮವ್ವ ಗೂಡಿನಲ್ಲಿ ದೀಪದ ಪಕ್ಕ ಇಟ್ಟಳು. ಅದರಲ್ಲಿ ಕುಡಿಯಲು ಮತ್ತೆ ಯಾರಿಗೂ ಕೊಡಲಿಲ್ಲ. ದಿನಾ ಒರೆಸುತ್ತಿದ್ದಳು.

ಕಂಪನಿ ಸೇಟನ ಕೈಗೆ ಹೋಗುವ ದಿನ ಗ್ಯಾರೇಜಿನಲ್ಲಿ ಪೂಜೆ. ಲಾರಿಗಳಿಗೆ ಚೆಂಡು ಹೂವಿನ ಮಾಲೆ. ನಾವೂ ಒಗೆದ ಅಂಗಿ ಹಾಕಿಕೊಂಡು ಹೋದೆವು. ಗೇಟು ತೆರೆಯಲಿಲ್ಲ. ದಿವಾಳಿಯೆದ್ದ ಸಾವ್ಕಾರ ಹೊಸ ರೇಷ್ಮೆ ರುಮಾಲು ಸುತ್ತಿಕೊಂಡು ಗೇಟಿನ ಆಚೆಯಿಂದ ನೋಡಿದ.

"ನೀವ್ಯಾಕ ಬಂದ್ರಿಲೇ?"

"ಕೆಲಸಕ್ಕ್ರಿ, ಧಣಿ."

"ಯಾವ ಕೆಲಸ? ಸೇಟ್ ತಮ್ಮ ಕಡಿ ಕ್ಲೀನರ್, ಹಮಾಲರನ್ನ ತರ್ತಾರ. ಬರೇ ಡ್ರೈವರರನ್ನ ಇಟ್ಕೋತಾರ. ನಿಮ್ಮ ಯೂನಿಯನ್ನೇ ಹೂಂ ಅಂದೇದ. ಕೇಳ್ರಿ ನಿಮ್ಮ ಅಧ್ಯಕ್ಷಗ."

ಶಿವರಾಯ ಲಾರಿಯ ಟಾಯರು ನೋಡುತ್ತ ನಿಂತಿದ್ದ. "ನಾ ಏನ್ ಮಾಡ್ಲೋ ಹುಲೆಪ್ಪ? ನಿಮ್ಮನ್ನ ಬಿಟ್ರ ಮಾತ್ರ ತಗೋತೇನಿ ಅಂದ ಸೇಟ್. ಎಲ್ಲಾರೂ ಮುಣಗೋದಕ್ಕಿಂತ ನಾಕ ಮಂದಿಯರ ಉಳೀಲಿ ಅಂತ…"

"ನಾಕ ಮಂದಿ ಅಂದ್ರ ನೀವು. ಮುಣಗೋರು ನಾವು. ಹೌದಿಲ್ಲೋ ಭಾಡ್ಯಾ?" ಅಂದೆ. ಹುಟ್ಟಿದಂದಿನಿಂದ ನಾನು ಅವನನ್ನು ಬೈದದ್ದು ಅದೇ ಮೊದಲು.

ಅಷ್ಟರಲ್ಲಿ ನಮ್ಮವ್ವ ಕೇರಿಗೆ ಓಡಿಹೋಗಿ ತಿರುಗಿ ಬಂದಿದ್ದಳು. ಏದುಸಿರು ಬಿಡುತ್ತ ಗೇಟಿನ ಸರಳುಗಳ ನಡುವೆ ಕೈ ತೂರಿಸಿದಳು. ಕೈಯಲ್ಲಿ ಆ ಕಪ್ಪು.

"ಶಿವರಾಯಾ! ಇದ್ರಾಗ ನಮ್ಮ ಮನ್ಯಾಗ ಚಾ ಕುಡದು ಮಾತ ಕೊಟ್ಟೀದಿ. ನನಗ ಎವ್ವಾ ಅಂದೀದಿ. ಮರತಿಯೇನೋ?"

ಪೂಜೆಗೆ ಬಂದ ಮಠದ ಅಯ್ಯನ ಕೈ ವಿಭೂತಿಯ ಮೇಲೆ ಹಾಗೇ ನಿಂತಿತು. ಆಗತಾನೆ ಅವನು ಶರಣರ ವಚನ ಹಾಡಿ, ಮನುಷ್ಯರೆಲ್ಲ ಒಂದೇ ಎಂದು ಸೇಟನಿಗೆ ಅರ್ಥ ಬಿಡಿಸಿ ಹೇಳಿ ಮುಗಿಸಿದ್ದ.

"ಖರೇ ಏನ ಶಿವರಾಯ?" ಸಾವ್ಕಾರ ಕೇಳಿದ. "ಹೊಲ್ಯಾರ ಮನ್ಯಾಗ ಕುಡದಿಯೇನ?"

ಶಿವರಾಯ ಕೊರಳ ಲಿಂಗ ಹಿಡಿದುಕೊಂಡ. "ಲಿಂಗದಾಣೆ ಇಲ್ರಿ ಸಾವ್ಕಾರ್ರ! ತುಟಿಗಿ ಸೈತ ಹಚ್ಚಿಲ್ಲ. ಹಿತ್ತಲ ಬಾಗಲಾಗ ನಿಂತು ಗಟಾರಕ್ಕ ಸುರವೇನಿ. ಹ್ಯಾಂಡಲ್ ಬರ್ಲಿ ಅಂತ ನಾಟಕ ಮಾಡೇನಿ ಅಷ್ಟ."

ಒಳಗಿದ್ದವರು ಹೊಟ್ಟೆ ಹಿಡಿದು ನಕ್ಕರು. ಅಯ್ಯ ಸಮಾಧಾನವಾಗಿ ಅವನ ಹಣೆಗೆ ವಿಭೂತಿ ಹಚ್ಚಿದ. ನಮ್ಮವ್ವ ಕಪ್ಪಿನ ಒಳಗೆ ನೋಡುತ್ತ ನಿಂತಿದ್ದಳು. ಕೆಲಸ ಕಸಿದವರು ಹಿಂದೆಯೂ ಇದ್ದರು, ಮುಂದೆಯೂ ಇರುತ್ತಾರೆ. ಆ ಕಪ್ಪನ್ನು ದೀಪದ ಪಕ್ಕ ಇಡಿಸಿದನಲ್ಲ ಶಿವರಾಯ, ಅದನ್ನು ನನಗೆ ಸಹಿಸಲಾಗಲಿಲ್ಲ.

ಸೇಟ್ ಗಡಿಯಾರ ನೋಡಿಕೊಂಡ. ಮುಹೂರ್ತ ಮೀರುತ್ತಿತ್ತು. ಡ್ರೈವರರು ಸೀಟು ಹತ್ತಿದರು. ಲಾರಿಗಳ ಮೂತಿಗೆ ಮಾತ್ರ ಯಾರೂ ಇಲ್ಲ. ಸೇಟನ ಕ್ಲೀನರರು ಬರುವುದು ಮರುದಿನ. ಒಬ್ಬ ಡ್ರೈವರನೂ ಹ್ಯಾಂಡಲಿಗೆ ಕೈ ಹಾಕಲಿಲ್ಲ. ಸಾವ್ಕಾರನೇ ಗೇಟು ತೆರೆಸಿದ.

"ಏ ಹುಲೆಪ್ಪ, ಬರ್ರಿಲೇ. ಇದೊಂದ ಸಲ ತಿರುವಿ ಹೋಗ್ರಿ. ಚಾ-ಪಾಣಿಗಿ ಕೊಡ್ತೇನಿ."

ಒಳಗೆ ಹೋದೆವು. ಪ್ರತಿಯೊಬ್ಬನೂ ತನ್ನ ತನ್ನ ಲಾರಿಯ ಮುಂದೆ ಹೋಗಿ ನಿಂತು ಹ್ಯಾಂಡಲ್ ತೆಗೆದುಕೊಂಡ. ನಾನು ಮೂತಿಗೆ ತೂರಿಸಿದೆ. ಶಿವರಾಯ ಮೇಲಿನಿಂದ ಬಗ್ಗಿ, "ತಿರುವಪಾ ಹುಲೆಪ್ಪ" ಅಂದ. ಬೈಗುಳವಿಲ್ಲದೆ ನನ್ನ ಹೆಸರು ಆ ಬಾಯಿಂದ ಎಷ್ಟು ಸಲೀಸಾಗಿ ಬಂತು!

ನಾನು ಹ್ಯಾಂಡಲ್ ಹೊರಕ್ಕೆಳೆದು ಹೆಗಲಿಗೇರಿಸಿ ಗೇಟಿನ ಕಡೆ ನಡೆದೆ. ಬೆನ್ನಿಗೆ ಉಳಿದವರೂ ಹೊರಟರು.

"ಲೇ, ಲೇ! ಹಿಡೀರಿ ಆ ಸೂಳಿಮಕ್ಕಳನ್ನ!" ಸಾವ್ಕಾರ ಒದರಿದ. ಹಿಡಿಯಿರಿ, ಎತ್ತಿರಿ, ನೂಕಿರಿ ಅಂದಾಗ ಆ ಗ್ಯಾರೇಜಿನಲ್ಲಿ ಓಡಿ ಬರುತ್ತಿದ್ದವರು ನಾವೇ. ಸಲಾವುದ್ದೀನನೊಬ್ಬ ಸೀಟಿನಿಂದ ಇಳಿದ. ನಮ್ಮನ್ನು ಹಿಡಿಯಲಿಕ್ಕಲ್ಲ. ತನ್ನ ಗಾಡಿಯ ಮಾಲೆ ಹರಿದೊಗೆದು ನಮ್ಮ ಹಿಂದೆ ಬಂದ.

ಹ್ಯಾಂಡಲುಗಳು ಮತ್ತೆ ಮರಗಮ್ಮನ ಕಟ್ಟೆ ಸೇರಿದವು. ನಮ್ಮವ್ವ ಕಟ್ಟೆಯ ಮುಂದೆಯೇ ಮೂರು ಕಲ್ಲು ಹೂಡಿ ಬೆಂಕಿ ಮಾಡಿ ಚಾಕ್ಕೆ ನೀರಿಟ್ಟಳು. ಆ ಕಪ್ಪನ್ನು ತೊಳೆದು ಹ್ಯಾಂಡಲುಗಳ ಪಕ್ಕದಲ್ಲಿಟ್ಟಳು.

ಜೀಪು ಬಂದು ಓಣಿಯ ಬಾಯಿಗೆ ನಿಂತಿತು. ಫೌಜದಾರ, ಸಾವ್ಕಾರ, ಅವರ ಹಿಂದೆ ಹಣೆತುಂಬ ವಿಭೂತಿಯ ಶಿವರಾಯ.

"ಹ್ಯಾಂಡಲ್ ತಂದ ಕೊಡ್ತೀರೋ, ಒಳಗ ಬಂದು ಕಾಲ ಮುರೀಬೇಕೋ?" ಫೌಜದಾರ ಕೂಗಿದ.

"ಕೊಡ್ತೇವ್ರಿ ಸಾಹೇಬ್ರ" ಅಂದಳು ನಮ್ಮವ್ವ, ಒಲೆ ಊದುತ್ತಲೇ. "ಶಿವರಾಯ ಬರ್ಲಿ. ಇಲ್ಲಿ ಕುಂದರ್ಲಿ. ಈ ಸಲ ನಮ್ಮ ಕಡಿ ಮಾರಿ ಮಾಡಿ ಕುಡೀಲಿ. ಕುಡದ ಮ್ಯಾಲ ಕೆಲಸದ ಮಾತ ಆಡಾಮು."

ಶಿವರಾಯ ಕದಲಲಿಲ್ಲ. ಅವನ ಕೈ ಮತ್ತೆ ಕೊರಳ ಲಿಂಗಕ್ಕೆ ಹೋಯಿತು. ಫೌಜದಾರ ಅವನನ್ನೊಮ್ಮೆ, ಸಾವ್ಕಾರನನ್ನೊಮ್ಮೆ ನೋಡಿ ಪೊಲೀಸರಿಗೆ ಕೈ ಮಾಡಿದ. ಅವರು ಜೀಪಿನಿಂದ ಲಾಠಿ ಇಳಿಸಿಕೊಳ್ಳತೊಡಗಿದರು.

ನಾವು ಒಬ್ಬೊಬ್ಬರಾಗಿ ಎದ್ದು ಒಂದೊಂದು ಹ್ಯಾಂಡಲ್ ಕೈಗೆ ತೆಗೆದುಕೊಂಡೆವು. ನಮ್ಮವ್ವ ಕಪ್ಪಿಗೆ ಚಾ ಸುರುವಿದಳು.