ಬೆಳಕು ಹೆಚ್ಚಿಸು

ಸಹಕಾರನಗರದ ಪದ್ಮಶ್ರೀಯ ಮನೆಯಲ್ಲಿ, ಕೆಳಗಿನ ಹಾಲ್‌ನಲ್ಲಿ, ಭಾನುವಾರ ಮಧ್ಯಾಹ್ನ ಒಂದು ಸಾವಿನ ವಿಚಾರಣೆ ನಡೆಯುತ್ತಿತ್ತು. ಸತ್ತವಳು ಕಾದಂಬರಿಯೊಳಗಿನ ಹುಡುಗಿ. ಹಾಗಾಗಿ ಬಂದವರಿಗೆಲ್ಲ ಬಾಯಿ ತುಂಬ ಮಾತು, ಕೈ ತುಂಬ ಚಕ್ಕುಲಿ.

“ಸ್ಪಿರಿಟ್ಟು ಅವಳೇ ಸುರ್ಕೊಂಡಿದ್ದು ಗುರು, ಅದ್ರಲ್ಲಿ ಡೌಟೇ ಇಲ್ಲ,” ಎಂದ ಶರತ್. ಅವನ ಕಪ್ಪು ಟೀಶರ್ಟಿನ ಎದೆಯ ಮೇಲೆ ಕಾದಂಬರಿಯ ಪ್ರಸಿದ್ಧ ಸಾಲು ಬಿಳಿ ಅಕ್ಷರದಲ್ಲಿತ್ತು: ಬೆಳಕು ಹೆಚ್ಚಿಸು. “ಸಾಯೋಕೆ ಮುಂಚೆ ಒಬ್ಳು ಬೆಳಕು ಕೇಳ್ತಾಳೆ ಅಂದ್ರೆ ಏನರ್ಥ ಮಗಾ? ರೆಡಿಯಾಗಿದ್ಲು. ಇದಕ್ಕಿಂತ ಚಂದದ ಸಾವು ಕನ್ನಡದಲ್ಲಿ ಬಂದೇ ಇಲ್ಲ.”

“ಚಂದದ ಸಾವಂತೆ! ಸುಟ್ಟುಹೋಗೋದ್ರಲ್ಲಿ ಎಂಥ ಚಂದನೋ?” ಹುಜೈಫಾ ಕುರ್ಚಿಯಿಂದ ಅರ್ಧ ಎದ್ದ. “ಕಥೆ ಹೇಳ್ತಾಳಲ್ಲ ಫ್ರೆಂಡು, ಕೊಂದಿರೋದು ಅವಳೇ. ಹೊಟ್ಟೆಕಿಚ್ಚಿಗೆ ಕೊಂದ್ಬಿಟ್ಟು ಆಮೇಲೆ ಪುಟಗಟ್ಲೆ ಅತ್ತಿದ್ದಾಳೆ. ನೀವೆಲ್ಲ ಕರ್ಚೀಫ್ ಹಿಡ್ಕೊಂಡು ಓದ್ತಿದೀರಿ.”

‘ಕತ್ತಲೋಲೆ’ ಎಂಬ ಆ ಕಾದಂಬರಿ ಓದುವ ಹುಡುಗರ ತಲೆ ಕೆಡಿಸಿತ್ತು. ಮೈಸೂರಿನ ಕಡೆಯ ಒಂದು ಹಳೆಯ ಕಾಲೇಜು. ಅದರ ಮಹಡಿಯಲ್ಲಿ ತಾಳೆಗರಿಗಳನ್ನಿಟ್ಟ, ಕರೆಂಟಿಲ್ಲದ ಒಂದು ಕೋಣೆ. ಹಳಗನ್ನಡದ ಹುಚ್ಚು ಹಿಡಿಸುವ ಮೇಷ್ಟ್ರು, ಲಾಟೀನು ಹಚ್ಚಿಕೊಂಡು ಗುಟ್ಟಾಗಿ ಸೇರುವ ನಾಲ್ಕೈದು ವಿದ್ಯಾರ್ಥಿಗಳು. ಕೊನೆಗೆ ಅವರಲ್ಲೊಬ್ಬಳು ಬೆಂಕಿಯಲ್ಲಿ ಹೋಗುತ್ತಾಳೆ. ಗರಿ ಒರೆಸಲು ಇಟ್ಟಿದ್ದ ಸ್ಪಿರಿಟ್ಟು ಅವಳ ಮೈಮೇಲೆ ಹೇಗೆ ಬಂತು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಕೋಣೆಯ ಅಟ್ಟದ ಮೇಲಿಂದ ಅವಳು ‘ಬೆಳಕು ಹೆಚ್ಚಿಸು’ ಎನ್ನುತ್ತಾಳೆ, ಏಣಿಯ ಬುಡದಲ್ಲಿ ನಿಂತ ಗೆಳತಿ ಗಾಜು ಒಡೆದ ಲಾಟೀನಿನ ಬತ್ತಿ ಏರಿಸುತ್ತಾಳೆ, ಬೆಂಕಿ ಏಣಿ ಹತ್ತುತ್ತದೆ, ಗೆಳತಿ ಹೆದರಿ ಓಡಿಹೋಗುತ್ತಾಳೆ. ಓದುಗರು ಅಲ್ಲಿಂದಲೇ ಎರಡು ಪಕ್ಷವಾಗಿದ್ದರು. ತಾನೇ ಹೋದಳು ಎನ್ನುವವರು ಒಂದು ಕಡೆ, ಗೆಳತಿ ಕೊಂದಳು ಎನ್ನುವವರು ಇನ್ನೊಂದು ಕಡೆ. ವಾಟ್ಸಾಪ್ ಗುಂಪೂ ಒಡೆದು ಎರಡಾಗಿತ್ತು. ಮದುವೆ ಗೊತ್ತಾಗಿದ್ದ ಜೋಡಿಯೊಂದು ಇದೇ ವಿಷಯಕ್ಕೆ ಮಾತು ಬಿಟ್ಟಿತಂತೆ, ನಂಬುವುದಾದರೆ ನಂಬಿ.

ಪದ್ಮಶ್ರೀ ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆ ಹುಡುಗರಿಗೆ ಅವಳು ಓದುಗರ ಗೋಷ್ಠಿಗೆ ಹಾಲ್ ಬಿಟ್ಟುಕೊಟ್ಟ ಒಳ್ಳೆಯ ಆಂಟಿ, ಅಷ್ಟೇ. ಅವರು ಚಕ್ಕುಲಿ ಮುರಿಯುತ್ತ ಹೆಣ ಕೊಯ್ಯುತ್ತಿದ್ದ ಹುಡುಗಿ ಆಂಟಿಯ ಸ್ವಂತ ಅಕ್ಕ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಪದ್ಮಶ್ರೀಗೂ ಅದು ಗೊತ್ತಾಗಿ ಬಹಳ ದಿನವಾಗಿರಲಿಲ್ಲ. ಹಿಂದಿನ ಸಲ ಯಾರೋ ಮರೆತುಹೋದ ಪ್ರತಿಯನ್ನು ಎತ್ತಿಡಲು ಹೋಗಿ ನಿಂತಲ್ಲೇ ಎರಡು ಪುಟ ಓದಿದ್ದಳು. ಕಥೆಯ ಹುಡುಗಿಗೆ ಬಾಯಲ್ಲಿ ಹಕಾರ ಹೊರಡುವುದಿಲ್ಲ. ಹಿಂಗೆ ಎನ್ನಲು ಹೋಗಿ ‘ಇಂಗೆ’ ಎನ್ನುತ್ತಾಳೆ, ಹಳಗನ್ನಡ ಅವಳ ಬಾಯಲ್ಲಿ ‘ಅಳಗನ್ನಡ’ ಆಗುತ್ತದೆ. ಗೆಳೆಯರು ಅವಳಿಗಿಟ್ಟ ಹೆಸರು ಇಂಗಮ್ಮ. ಅದನ್ನು ಓದಿದ್ದೇ ಪದ್ಮಶ್ರೀ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ವರ್ಷಗಳ ಹಿಂದೆ ಮೈಸೂರಿನ ಕಡೆಯ ಕಾಲೇಜಿನಿಂದ ಯುಗಾದಿ ರಜೆಗೆ ಬಂದಿದ್ದ ಅಕ್ಕ ಮುನಿಲಕ್ಷ್ಮಿ ಕೊಡಿಗೇಹಳ್ಳಿಯ ಹಳೇ ಮನೆಯ ಜಗಲಿಯಲ್ಲಿ ಕೂತು, “ಅಲ್ಲಿ ನನ್ನ ಇಂಗಮ್ಮ ಅಂತಾರೆ ಕಣೇ ಪದ್ದಿ,” ಎಂದು ನಕ್ಕಿದ್ದಳು. ನಗುತ್ತಲೇ ಕಣ್ಣು ಒರೆಸಿಕೊಂಡಿದ್ದಳು.

ಆಮೇಲೆ ಅಕ್ಕ ಬಂದದ್ದು ಬಿಳಿಬಟ್ಟೆಯಲ್ಲಿ ಸುತ್ತಿಸಿಕೊಂಡು. ಕೋಣೆಯಲ್ಲಿ ಒಬ್ಬಳೇ ಇದ್ದಳು, ಸ್ಪಿರಿಟ್ ಸುರಿದುಕೊಂಡಿದ್ದಾಳೆ, ಏನೋ ಮನಸ್ಸಿಗೆ ಬೇಜಾರು ಎಂದು ಪೊಲೀಸರು ಬರೆದುಕೊಂಡರು. ಅಪ್ಪ ಚಿಕ್ಕಬೈರಪ್ಪ ಹೆಚ್ಚು ಕೇಳಲಿಲ್ಲ. ಗೋಡೆಯ ಫೋಟೋ ಇಳಿಸಿ, “ತಾನಾಗ್ ಓದೋಳ್ಗೆ ಈ ಮನೇಲಿ ಜಾಗ ಇಲ್ಲ,” ಎಂದುಬಿಟ್ಟ. ಅಪ್ಪನ ಬಾಯಲ್ಲಿ ಹೋದವಳೂ ಓದಿದವಳೂ ಒಂದೇ ಆಗಿ ಕೇಳಿಸುತ್ತಿದ್ದರು, ಅವನ ಸಿಟ್ಟೂ ಎರಡಕ್ಕೂ ಸೇರಿದ್ದೇ. ಅಂದಿನಿಂದ ಮಹಾಲಯ ಅಮಾವಾಸ್ಯೆಗೆ ಮನೆಯ ಹಿರೀಕರಿಗೆಲ್ಲ ಎಡೆ ಬಿತ್ತು, ಮುನಿಲಕ್ಷ್ಮಿಗೆ ಬೀಳಲಿಲ್ಲ. ಅಪ್ಪ ಸತ್ತ ಮೇಲೂ ಅಮ್ಮ ಲಕ್ಕಮ್ಮ ಆ ಮಾತು ಮೀರಲಿಲ್ಲ. ಆ ಅಮಾವಾಸ್ಯೆಯ ದಿನ ತಾನು ಮಾತ್ರ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಹೊಲವೆಲ್ಲ ಸೈಟಾಗಿ, ಸೈಟು ಮನೆಯಾಗಿ, ಮೂರು ಮಹಡಿ ಎದ್ದಿತು. ಹೆತ್ತವರನ್ನೂ ಒಡಹುಟ್ಟಿದವಳನ್ನೂ ಬೇಡವೆಂದು ಅಕ್ಕ ಹೋದಳೇ ಎಂಬ ಪ್ರಶ್ನೆ ಮಾತ್ರ ಪದ್ಮಶ್ರೀಯ ಎದೆಯಲ್ಲಿ ಹಾಗೇ ಕೂತಿತ್ತು. ಅವಳಿಗೆ ತಿಳಿಯಬೇಕಾಗಿದ್ದುದು ಅಷ್ಟೇ.

ಪುಸ್ತಕ ಓದಿ ಮುಗಿಸಿದ ಮೇಲೆ ಆ ಪ್ರಶ್ನೆ ಇನ್ನೊಂದು ರೂಪ ತಾಳಿತು. ಅಕ್ಕ ಮನೆಗೆ ಬರತೊಡಗಿದಳು. ಹಾಡಹಗಲು, ಒಗ್ಗರಣೆ ಹಾಕುವಾಗ, ಮಹಡಿಯ ಮೆಟ್ಟಿಲಿನಿಂದ ‘ಬೆಳಕು ಹೆಚ್ಚಿಸು’ ಎಂಬ ದನಿ ಕೇಳಿಸುತ್ತಿತ್ತು. ಜಡೆ ಅಕ್ಕನದು, ನೆರಳೂ ಅಕ್ಕನದೇ. ಆದರೆ ಆ ‘ಹೆ’ ಎಷ್ಟು ಸ್ಪಷ್ಟ, ಎಷ್ಟು ತೊಳೆದಿಟ್ಟ ಹಾಗಿತ್ತು! ಅಕ್ಕನ ಗಂಟಲಲ್ಲಿ ಆ ಅಕ್ಷರ ಹುಟ್ಟಿಯೇ ಇರಲಿಲ್ಲ. ಯಾರದೋ ಬಾಯಿ ಅಂಟಿಸಿಕೊಂಡು ಅಕ್ಕ ತನ್ನ ಬಳಿ ಏನನ್ನೋ ಬೇಡುತ್ತಿದ್ದಾಳೆ ಎಂದು ಪದ್ಮಶ್ರೀಗೆ ಅನ್ನಿಸುತ್ತಿತ್ತು. ಸತ್ತವರಿಗೆ ಹೆದರಿದವಳಲ್ಲ ಅವಳು, ಆದರೆ ಆ ಹೆಚ್ಚಿಸು ಎಂಬ ಮಾತಿಗೆ ಹೆದರಿದಳು.

ಇವತ್ತು ಕಾದಂಬರಿ ಬರೆದ ಸ್ಮಿತಾ ಅವರೇ ಬಂದಿದ್ದರು. ವಿದ್ಯಾರಣ್ಯಪುರದಲ್ಲಿ ಮನೆ, ಮೂಲ ಗದಗದ ಕಡೆ, ಯಾವುದೋ ಕಾಲೇಜಿನಲ್ಲಿ ಪಾಠ. ತೆಳ್ಳಗೆ, ಕಿವಿಯ ಪಕ್ಕ ನರೆತ ಕೂದಲು. ಎರಡು ಪಕ್ಷದವರೂ ಅವರನ್ನು ನಡುವೆ ಕೂರಿಸಿಕೊಂಡು ಕೇಳಿದ್ದು ಒಂದೇ: ಅವಳು ತಾನೇ ಹೋದಳೋ, ಕೊಂದದ್ದೋ?

“ನನಗೂ ಗೊತ್ತಿಲ್ಲ,” ಎಂದರು ಸ್ಮಿತಾ. “ಅವಳು ಬೆಳಕು ಕೇಳಿದಳು, ಗೆಳತಿ ಕೊಟ್ಟಳು. ಸಾಯಬೇಕು ಅಂತ ತೀರ್ಮಾನಿಸಿದವಳ ಕೊನೆಯ ಆಸೆ ನಡೆಸಿಕೊಟ್ಟೆ ಅನ್ನೋ ಒಂದು ನಂಬಿಕೆಯ ಮೇಲೆ ನಾನು... ಗೆಳತಿ ಇಷ್ಟು ವರ್ಷ ಬದುಕಿದ್ದಾಳೆ. ಅದನ್ನು ಕಿತ್ತುಕೊಂಡರೆ ಅವಳಿಗೇನೂ ಉಳಿಯಲ್ಲ.”

ಹುಡುಗರು ಚಪ್ಪಾಳೆ ತಟ್ಟಿದರು. ಎಂಥ ಉತ್ತರ, ಎರಡು ಪಕ್ಷಕ್ಕೂ ಸಿಗಲಿಲ್ಲ ನೋಡು ಎಂದು ಮೆಚ್ಚಿಕೊಂಡರು. ಸಾಹಿತ್ಯದ ಗೋಷ್ಠಿಯಲ್ಲಿ ಮನುಷ್ಯ ನಿಜ ಹೇಳಿದರೆ ಸಿಗುವುದು ಚಪ್ಪಾಳೆಯೇ. ಪದ್ಮಶ್ರೀ ಮಾತ್ರ ಆ ‘ನಾನು’ ಎಂಬ ಮಾತನ್ನು ಕೇಳಿಸಿಕೊಂಡಳು. ಏಣಿಯ ಬುಡದಲ್ಲಿ ನಿಂತಿದ್ದವಳು ತನ್ನ ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಳೆ ಎಂದು ಅವಳಿಗೆ ತಿಳಿಯಿತು. ಕೂದಲು ಹಿಡಿದು ಎಳೆಯಬೇಕು ಎನ್ನಿಸಿತು. ಮರುಗಳಿಗೆಯೇ ಅಕ್ಕನ ಕೊನೆಯ ಮಾತನ್ನು ಕೇಳಿದವಳು ಇವಳೊಬ್ಬಳೇ ಎನ್ನಿಸಿತು.

ಸಭೆ ಮುಗಿದು ಹುಡುಗರು ಗೇಟಿನ ಹತ್ತಿರ ನಿಂತು ಜಗಳ ಮುಂದುವರಿಸಿದರು. ಪದ್ಮಶ್ರೀ ಸ್ಮಿತಾರನ್ನು, “ಬನ್ನಿ ಮೇಡಂ, ಒಳಗೆ ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ,” ಎಂದು ಅಡುಗೆಮನೆಗೆ ಕರೆದುಕೊಂಡು ಹೋದಳು. ಲಕ್ಕಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು.

“ಮೇಡಂ, ನಾನು ಇಂಗಮ್ಮನ ತಂಗಿ,” ಎಂದಳು ಪದ್ಮಶ್ರೀ.

ಸ್ಮಿತಾ ಲೋಟ ಇಡಲು ಜಾಗ ಹುಡುಕಿದರು. ಕಟ್ಟೆ ಎದುರಿಗೇ ಇತ್ತು.

“ಮುನಿಲಕ್ಷ್ಮೀ ತಂಗಿ... ನೀವು ಪದ್ದಿ ಏನ್ರಿ?”

ಮುನಿಲಕ್ಷ್ಮಿ ಎಂಬುದು ಈ ಮನೆಯಲ್ಲಿ ಯಾರೂ ಎತ್ತದ ಹೆಸರು. ಲಕ್ಕಮ್ಮನ ಕೈಯಲ್ಲಿ ಸೊಪ್ಪು ನಿಂತುಹೋಯಿತು.

“ಬೈಯೋಕೆ ಕರೀಲಿಲ್ಲ ನಿಮ್ಮನ್ನ,” ಎಂದಳು ಪದ್ಮಶ್ರೀ. “ಒಂದೇ ಒಂದು ಕೇಳ್ಬೇಕು. ಅಕ್ಕನ ಬಾಯಲ್ಲಿ ಹ ಬರ್ತಿರ್ಲಿಲ್ಲ, ನೀವೇ ಬರ್ದಿದ್ದೀರಿ. ಮತ್ತೆ ಕೊನೇಲಿ ಅವಳು ಹೆಚ್ಚಿಸು ಅಂತ ಹೇಗೆ ಅಂದ್ಲು? ನಮ್ಮಲ್ಲಿ ಆ ಮಾತೇ ಯಾರೂ ಆಡಲ್ಲ. ಅವಳು ಏನಂದ್ಲು? ಬಾಯಿಂದ ಹೆಂಗೆ ಬಂತೋ ಹಂಗೇ ಹೇಳಿ.”

ಸ್ಮಿತಾ ಬಾಯಿ ತೆರೆದಾಗ ನಾಲಿಗೆಯಿಂದ ಇಷ್ಟು ವರ್ಷದ ಬೆಂಗಳೂರು ಉದುರಿಹೋಗಿತ್ತು.

“ಅದು ನಾ ತಿದ್ದಿದ್ದುರಿ. ಹಳ್ಳಿ ಮಾತು ಹಂಗ ಬರದ್ರ ಓದೋವ್ರು ನಗ್ತಾರ ಅನಿಸ್ತು. ಆಕಿ ಇದ್ದಾಗ ನಾವೆಲ್ಲಾ ನಕ್ಕಿದ್ವಿ, ಸತ್ತ ಮ್ಯಾಲರ ಯಾರೂ ನಗಬಾರದಂತ... ಆಕಿ ಅಂದದ್ದು ‘ದೀಪ ದೊಡ್ಡುದ್ ಮಾಡು’ ಅಂತ. ದೀಪ ದೊಡ್ಡದು ಮಾಡು ಅಂದ್ರ ಬೆಳಕು ಹೆಚ್ಚು ಮಾಡು ಅಂತನ ಅಲ್ಲೇನ್ರಿ?”

ಲಕ್ಕಮ್ಮ “ಶಿವನೇ” ಎಂದಳು.

ಸ್ವಿಚ್ಚು ಒತ್ತಿ ಬೆಳೆದವರಿಗೆ ಇದು ಗೊತ್ತಿರುವುದಿಲ್ಲ. ಹೊಸ್ತಿಲು ದಾಟುವಾಗ ಹೋಗ್ತೀನಿ ಎನ್ನದೆ ಬರ್ತೀನಿ ಎನ್ನುತ್ತೇವಲ್ಲ, ಹಾಗೆಯೇ ಲಕ್ಕಮ್ಮನಂಥವರ ಮನೆಯಲ್ಲಿ ದೀಪ ಆರಿಸು ಎಂಬ ಮಾತನ್ನು ಯಾರೂ ನಾಲಿಗೆಯ ಮೇಲೆ ತರುವುದಿಲ್ಲ. ಅಪಶಕುನ. ಆರಿಸಬೇಕಾದಾಗ ದೀಪ ದೊಡ್ಡದು ಮಾಡು ಎನ್ನುತ್ತಾರೆ. ಕೇಳಿದವರು ಊದಿ ಆರಿಸುತ್ತಾರೆ.

ಪದ್ಮಶ್ರೀಗೆ ಒಮ್ಮೆಗೇ ಎಲ್ಲ ಕಂಡಿತು. ಅಟ್ಟದ ಮೇಲೆ ಕತ್ತಲಲ್ಲಿ ಡಬ್ಬಿ ಉರುಳಿದೆ, ಸ್ಪಿರಿಟ್ಟು ಲಂಗಕ್ಕೆ ಚೆಲ್ಲಿ ಹಲಗೆಯ ಸಂದಿನಿಂದ ಕೆಳಗೆ ತೊಟ್ಟಿಕ್ಕುತ್ತಿದೆ, ಕೆಳಗೆ ಗಾಜಿಲ್ಲದ ಲಾಟೀನು. ಅಕ್ಕ ಗಾಬರಿಯಾಗಿ ಅದನ್ನು ಆರಿಸಲು ಕೂಗಿದ್ದಾಳೆ. ಅಕ್ಕ ಸಾಯಲು ಹೋಗಿರಲಿಲ್ಲ. ಬದುಕಬೇಕು ಎಂದು ಕೂಗಿದ್ದಳು. ಪದ್ಮಶ್ರೀಗೆ ಅಲ್ಲೇ ಗೋಳೋ ಎಂದು ಅಳಬೇಕೆನ್ನಿಸಿತು, ಸಂತೋಷಕ್ಕೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ.

ಅಮ್ಮನೂ ಮಗಳೂ ಮುಖ ನೋಡಿಕೊಂಡರು. ಇಬ್ಬರಿಗೂ ಗೊತ್ತಾಗಿತ್ತು. ಸ್ಮಿತಾ ಮಾತ್ರ ಏನೂ ತಿಳಿಯದೆ ಒಬ್ಬರಿಂದ ಇನ್ನೊಬ್ಬರ ಕಡೆಗೆ ಕಣ್ಣು ಹೊರಳಿಸುತ್ತಿದ್ದರು. ಲಕ್ಕಮ್ಮ ಮೆಲ್ಲಗೆ ತಲೆ ಆಡಿಸಿದಳು. ಬೇಡ, ಹೇಳಬೇಡ.

ಕಿಟಕಿಯಾಚೆ ಶರತ್‌ನ ದನಿ ಏರಿತು: “ಅವಳೇ ಸುರ್ಕೊಂಡಿದ್ದು ಮಚ್ಚಾ, ಬೆಟ್ ಕಟ್ಟು ಬೇಕಾದ್ರೆ!”

“ಇಲ್ಲಮ್ಮ,” ಎಂದಳು ಪದ್ಮಶ್ರೀ. “ಆವತ್ತು ಅಕ್ಕ ಹೇಳಿದ್ದು ಯಾರಿಗೂ ಕೇಳಿಸ್ಲಿಲ್ಲ. ಅಪ್ಪನೂ ಕೇಳಿಸ್ಕೊಳ್ಳಲಿಲ್ಲ. ಈಗ ನನಗೆ ಕೇಳಿಸಿದೆ. ನಾನೂ ಮುಚ್ಚಿಟ್ರೆ ಅವಳು ಎಲ್ಲಿಗೆ ಹೋಗ್ತಾಳೆ?”

ಸ್ಮಿತಾರ ಕಡೆ ತಿರುಗಿ ಹೇಳಿದಳು. ಹೆಚ್ಚು ಮಾತು ಬೇಕಾಗಲಿಲ್ಲ.

ಸ್ಮಿತಾ ಅಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಜಾರುತ್ತ ಲಕ್ಕಮ್ಮನ ಎದುರಿಗೆ, ಸೊಪ್ಪಿನ ಕಡ್ಡಿಗಳ ಮೇಲೆಯೇ ಕೂತುಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ. ಪದ್ಮಶ್ರೀಗೆ ತಾನು ಮಾಡಿದ್ದು ಏನೆಂದು ಆಗ ಕಂಡಿತು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

“ಆಕಿ ಎರಡು ಸಲ ಒದರಿದ್ಲುರಿ,” ಎಂದರು ಸ್ಮಿತಾ. “ಎರಡನೇದು ನಾ ಪುಸ್ತಕದಾಗ ಬರದಿಲ್ಲ. ಮೊದಲು ಅಂದಾಗ ಬತ್ತಿ ಒಂದೀಟ ಏರಿಸಿದೆ. ಆಕಿ ಅಳಕೋತ ಮತ್ತ ಅದನ್ನ ಅಂದ್ಲು, ದೊಡ್ಡುದ್ ಮಾಡು, ದೊಡ್ಡುದ್ ಮಾಡು ಅಂತ. ಇನ್ನೂ ಬೇಕೇನಂತ ನಾ ಪೂರಾ ಏರಿಸಿದೆ.”

ಪದ್ಮಶ್ರೀ ಕಿವಿಗೊಟ್ಟು ಕೇಳಿದಳು. ಇಷ್ಟು ದಿನ ಮೆಟ್ಟಿಲ ಮೇಲೆ ಬೇಡುತ್ತಿದ್ದ ದನಿಗೆ ಈಗ ಅಕ್ಕನದೇ ಬಾಯಿ ಬಂದಿತ್ತು, ಅದು ಇನ್ನೂ ಜೋರಾಗಿತ್ತು. ಗೆಳತಿಗೆ ತಿಳಿಯುವ ಇನ್ನೊಂದು ಮಾತು, ಆರಿಸು ಎಂಬುದು, ಅಕ್ಕನ ಬಳಿ ಇತ್ತಲ್ಲ. ಅಷ್ಟು ಓದಿದವಳು, ಉರಿ ಮೈಗೆ ಹತ್ತುವಾಗಲಾದರೂ ಅದನ್ನು ಯಾಕೆ ಆಡಲಿಲ್ಲ?

ಲಕ್ಕಮ್ಮ ಕೂತಲ್ಲಿಂದಲೇ ತೆವಳಿ ಸ್ಮಿತಾರ ಪಕ್ಕಕ್ಕೆ ಬಂದಳು.

“ನಿಂದೇನ್ ತಪ್ಪವ್ವ. ಅವ್ಳು ಏಳ್ದಂಗೇ ಮಾಡ್ದೆ ನೀನು,” ಎಂದಳು. “ಅಂತಾ ಒತ್ನಲ್ಲೂ ಆರ್ಸು ಅನ್ನಕ್ಕೆ ನಾಲ್ಗೆ ಬರ್ನಿಲ್ಲ ನನ್ ಕಂದಂಗೆ. ಚಿಕ್ಕೋಳಾಗಿದ್ದಾಗ ಒಂದ್ಸಲ ಅಂದಿದ್ಲು. ಇನ್ನೊಂದ್ ಕಿತ ಆ ಮಾತು ಬರಬಾರ್ದು ಅಂತ ನಾನೇ ಬಾಯ್ ಮೇಲ್ ಬಾರ್ಸಿದ್ದೆ.”

ಹಾಗೆಂದವಳು ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.