ಪುಟದಲ್ಲಿದ್ದ ಬಟನ್

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಹೆಂಗಸೊಬ್ಬಳನ್ನು, ರಜೆ ಕೇಳದೆ ಮೂರು ದಿನ ಗೈರಾದಳೆಂದು ಕೆಲಸದಿಂದ ತೆಗೆದರು. ಆ ಮೂರೂ ದಿನ ಆಕೆ ರಜೆ ಕೇಳಲೆಂದೇ ಮೊಬೈಲ್ ಒತ್ತುತ್ತಿದ್ದಳು.

ಆ ಆಸ್ಪತ್ರೆಗೆ ರಜೆ ಅರ್ಜಿಯ ವೆಬ್‌ಸೈಟ್ ಮಾಡಿಕೊಟ್ಟ ಕಂಪನಿಯಲ್ಲಿ ಆಕೆಯ ಅಕ್ಕನ ಮಗಳೇ ಟೆಸ್ಟರ್. ಅವಳು ಬರೆದಿಟ್ಟ ಟೆಸ್ಟುಗಳೆಂಬ ಪುಟ್ಟ ಪ್ರೋಗ್ರಾಮುಗಳು ತಾವೇ ಬ್ರೌಸರ್ ತೆರೆದು, ಪುಟ ತಡಕಿ, ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುತ್ತಿದ್ದವು. ಅವಳವು ಸದಾ ಹಸಿರು. ಆಫೀಸಿನಲ್ಲಿ ಅವಳ ಹೆಸರೇ ಹಸಿರಮ್ಮ ಎಂದಾಗಿತ್ತು.

ಅಂದು ಬೆಳಗ್ಗೆ, ಕೆಲಸ ಕಳೆದುಕೊಂಡ ಆ ಚಿಕ್ಕಮ್ಮ ಗಾಜು ಒಡೆದ ಪುಟ್ಟ ಮೊಬೈಲನ್ನು ಅವಳ ಕೈಗೆ ತುರುಕಿದ್ದಳು. "ಎಲ್ಲೇ ಇದೆ ನಿನ್ನ ‘ಕಳುಹಿಸಿ’ ಬಟನ್ನು? ತೋರ್ಸು ನೋಡೋಣ. ನನಗೇನು ಕಣ್ಣಿಲ್ವಾ?"

ಕಾಣಲಿಲ್ಲ. ಸಣ್ಣ ಪರದೆಯಲ್ಲಿ, ನಗುವ ವೈದ್ಯರ ಜಾಹೀರಾತು ಬಟನ್ನಿನ ಮೇಲೆ ಅಂಗಾತ ಮಲಗಿತ್ತು. ದೊಡ್ಡ ಪರದೆಯವರಿಗೆ ಎಲ್ಲವೂ ಕಾಣುತ್ತಿತ್ತು. ಹಸಿರಮ್ಮ ಹಣೆ ಚಚ್ಚಿಕೊಂಡಳು. ಅವಳ ಟೆಸ್ಟು ಕೇಳುತ್ತಿದ್ದುದು ಒಂದೇ ಮಾತು: ಪುಟದಲ್ಲಿ ಬಟನ್ ಇದೆಯೇ? ಇದೆ. ಕಣ್ಣಿಗೆ ಕಾಣುತ್ತದೆಯೇ, ಬೆರಳಿಗೆ ಸಿಗುತ್ತದೆಯೇ ಎಂದು ಕೇಳುವ ಎರಡು ಸಾಲನ್ನು ‘ಆಮೇಲೆ ನೋಡಿದರಾಯಿತು’ ಎಂದು ಬಿಟ್ಟವಳು ಅವಳೇ.

ಆಫೀಸಿಗೆ ಬಂದವಳೇ ಆ ಎರಡು ಸಾಲು ಸೇರಿಸಿ, ಸಣ್ಣ ಪರದೆಯ ಅಳತೆಯಲ್ಲಿ ಟೆಸ್ಟು ಓಡಿಸಿದಳು. ಕೆಂಪು. ಮತ್ತೆ ಓಡಿಸಿದಳು. ಕೆಂಪೋ ಕೆಂಪು.

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಬಂದ. "ಏನ್ರೀ ಹಸಿರಮ್ಮ, ಬಣ್ಣ ಬದಲಾಯಿಸೋಕೆ ಇವತ್ತೇ ಆಗ್ಬೇಕಿತ್ತಾ? ಮಧ್ಯಾಹ್ನ ಆಸ್ಪತ್ರೇಲಿ, ಕೆಲಸದಿಂದ ತೆಗೆದ ಆ ಹೆಂಗಸಿನ ದೂರಿನ ವಿಚಾರಣೆ. ಬಟನ್ ಇತ್ತು ಅಂತ ಆಸ್ಪತ್ರೆಯೋರಿಗೆ ನಮ್ಮ ರಿಪೋರ್ಟ್ ಬೇಕಂತೆ."

"ಇತ್ತು ಸಾರ್. ಜಾಹೀರಾತಿನ ಅಡೀಲಿ."

"ಅಡೀಲೋ ಮೇಲೋ, ಇತ್ತಲ್ಲ! ಸುಳ್ಳು ಹೇಳಿ ಅಂದ್ನಾ?"

"ನೀವೇ ಒಂದ್ಸಲ ಒತ್ತಿ," ಎಂದು ಚಿಕ್ಕಮ್ಮನ ಮೊಬೈಲನ್ನು ಅವನ ಮುಂದೆ ಸರಿಸಿದಳು.

ಒತ್ತಿದ. ಮತ್ತೆ ಒತ್ತಿದ. ಉಗುರಿನಿಂದ ಕೆರೆದ. ವೈದ್ಯರು ನಗುತ್ತಲೇ ಇದ್ದರು.

"ದರಿದ್ರದ ಫೋನು!" ಆಚೆ ನೂಕಿದ. "ತಲೆ ತಿನ್ಬೇಡಿ. ಆ ಎರಡು ಸಾಲು ಅಳ್ಸಿ, ಹಸಿರು ಮಾಡಿ, ಸಹಿ ಹಾಕಿ. ಒಬ್ಬ ಬಟ್ಟೆ ಒಗೆಯೋಳಿಗೆ ಇಷ್ಟು ರಗಳೆನಾ?"

"ಅವರು ನನ್ನ ಚಿಕ್ಕಮ್ಮ ಸಾರ್."

ಅವನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದ. "ಹಾಗಿದ್ರೆ ಇನ್ನೂ ಒಳ್ಳೇದು. ಮನೆಯಲ್ಲೇ ಸಮಾಧಾನ ಹೇಳ್ಬಹುದು. ಅಳ್ಸಿ."

ಹಸಿರಮ್ಮ ಕೆಂಪು ರಿಪೋರ್ಟನ್ನು ಪ್ರಿಂಟಿಗೆ ಕೊಟ್ಟು ಎದ್ದು ನಿಂತಳು.

"ಅಳ್ಸಲ್ಲ. ಸಹಿನೂ ಹಾಕಲ್ಲ. ವಿಚಾರಣೆಗೆ ಇದನ್ನ ತಗೊಂಡು ನಾನೇ ಹೋಗ್ತೀನಿ."