ಮುಕ್ಕಾದ ತೆಳು ಉಳಿ

ನಮ್ಮ ಮಾವನವರಿಗೆ ಹೆತ್ತ ಮಗ ಹುಟ್ಟಿದ ದಿನ ನೆನಪಿಲ್ಲ. ಯಾವ ಉಳಿಯನ್ನು ಯಾವಾಗ ಮಸೆದರು ಎನ್ನುವುದನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಮನೆಯ ಮುಂದಿನ ಕೋಣೆಯೇ ಅವರ ಬಡಗಿ ಕೆಲಸದ ಜಾಗ. ಅಲ್ಲಿ ಗೋಡೆಯ ಪಟ್ಟಿಯಲ್ಲಿ ಉಳಿಗಳು ಸಾಲಾಗಿ ನಿಂತಿರುತ್ತವೆ. ದಪ್ಪ ಬೆನ್ನಿನದು ಕೊಡತಿಯ ಏಟು ತಿಂದು ಮರದಲ್ಲಿ ಆಳವಾಗಿ ತೂತು ತೋಡುತ್ತದೆ. ದುಂಡು ಬಾಯಿಯದು ಹೂಬಳ್ಳಿ ಕೆತ್ತುವುದಕ್ಕೆ. ಚಪ್ಪಟೆಯದು ಮನೆಯ ಸೊಸೆಯ ಹಾಗೆ, ಕರೆದ ಕೆಲಸಕ್ಕೆಲ್ಲ ಬರಬೇಕು. ಕೊನೆಯಲ್ಲಿರುವುದು ಉದ್ದನೆಯ ತೆಳು ಉಳಿ. ಅದಕ್ಕೆ ಕೊಡತಿ ಮುಟ್ಟಿಸುವಂತಿಲ್ಲ. ಅಂಗೈಯಿಂದ ಒತ್ತಿ, ಈರುಳ್ಳಿ ಸಿಪ್ಪೆಯಂಥ ಪದರ ತೆಗೆಯಬೇಕು. ಮಾವ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ.

ಆ ಸೊಸೆ ನಾನೇ. ನನ್ನ ಗಂಡನಿಗೆ ಮರದ ಪುಡಿ ಕಂಡರೆ ಸೀನು. ಹಾಗಾಗಿ ಮಾವನ ಕೆಲಸ ಕಲಿಯಲು ನಿಂತವಳು ನಾನು. "ಈ ಸಲ ಕುರ್ಚಿಗಳ ಜೋಡಣೆಯೆಲ್ಲ ನೀನೇ ಮಾಡಮ್ಮ, ಬೇಕಾದ್ರೆ ತೆಳು ಉಳೀನೂ ತಗೋ" ಎಂದು ಮಾವ ಹೇಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ತೆಳು ಉಳಿಯ ಬಾಯಿ ಮುಕ್ಕಾಗಿತ್ತು.

"ಏನಮ್ಮಾ ಇದು?" ಎಂದರು ಮಾವ.

"ನಾನಿನ್ನೂ ಅದನ್ನ ಮುಟ್ಟೇ ಇಲ್ಲ ಮಾವ."

"ನೀನಲ್ದೆ ಇನ್ಯಾರು? ನಿನ್ನ ಗಂಡನಾ? ಅವನು ಈ ಕೋಣೆಗೆ ಕಾಲಿಟ್ರೆ ಸೀನು ಬೀದಿಗೆಲ್ಲ ಕೇಳ್ಸುತ್ತೆ. ಇನ್ಮೇಲೆ ಉಳಿ ತಂಟೆಗೆ ಹೋಗ್ಬೇಡ. ಉಪ್ಪುಕಾಗದ ತಗೊಂಡು ಉಜ್ಜು, ಸಾಕು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಅಳುವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾನು ಉಜ್ಜಿದ ರಭಸಕ್ಕೆ ಒಂದು ಕುರ್ಚಿಯ ಕಾಲು ಕಡ್ಡಿಯಾಗುವುದರಲ್ಲಿತ್ತು.

ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದಾಗ ಅತ್ತೆ ಮಿಠಾಯಿ ತರಲು ಎದ್ದರು. ಮಾವನಿಗೆ ಡಾಕ್ಟರು ಸಕ್ಕರೆ ಬಿಡಿಸಿದ ಮೇಲೆ ಮನೆಯ ಸಿಹಿಯೆಲ್ಲ ಅತ್ತೆಯ ಹಳೆಯ ಮರದ ಪೆಟ್ಟಿಗೆ ಸೇರಿತ್ತು. ಬೀಗದ ಕೈ ಅತ್ತೆಯ ಕೊರಳಿನಲ್ಲಿ. ಆ ಪೆಟ್ಟಿಗೆಯ ಮುಚ್ಚಳ ಸೊಟ್ಟ. ಒಂದು ಮೂಲೆ ಎತ್ತಿ, ಗುದ್ದಿ, ನಾಲ್ಕು ಬೈದರೆ ಮಾತ್ರ ತೆರೆಯುತ್ತಿತ್ತು. ಸರಿಮಾಡಿಕೊಡಿ ಎಂದು ಅತ್ತೆ ವರ್ಷಗಟ್ಟಲೆ ಕೇಳಿದ್ದರು, ಮಾವ ವರ್ಷಗಟ್ಟಲೆ ನಾಳೆ ಎಂದಿದ್ದರು.

ಅಂದು ಅತ್ತೆ ಬೀಗ ತೆಗೆದು ಬೆರಳು ತಾಗಿಸಿದ್ದೇ ತಡ, ಮುಚ್ಚಳ ಸದ್ದಿಲ್ಲದೆ ಮೇಲೆದ್ದಿತು.

"ಇದೇನೇ, ತಾನಾಗೇ ಬುದ್ಧಿ ಬಂತಾ ಇದಕ್ಕೆ?" ಎಂದು ಅತ್ತೆ ಒಳಗೆ ಇಣುಕಿದರು. ಮಿಠಾಯಿ ಅರ್ಧಕ್ಕರ್ಧ ಇಳಿದಿತ್ತು.

ನಾನು ಪೆಟ್ಟಿಗೆಯ ಹಿಂಬದಿ ನೋಡಿದೆ. ಬೀಗದ ತಂಟೆಗೇ ಹೋಗದೆ ಯಾರೋ ಕೀಲುಗಳನ್ನು ಬಿಚ್ಚಿ ಮತ್ತೆ ಕೂರಿಸಿದ್ದರು. ಕೀಲು ಕೂರುವ ಹಳ್ಳವನ್ನು ನಯವಾಗಿ ಹೆರೆದು ಸೊಟ್ಟ ತೆಗೆದಿದ್ದರು. ಸ್ಕ್ರೂಗಳ ತಲೆಯ ಗೀಟುಗಳೆಲ್ಲ ಒಂದೇ ದಿಕ್ಕಿಗೆ ನಿಂತಿದ್ದವು. ಕೀಲಿನ ಪಕ್ಕದಲ್ಲಿ, ಮರದೊಳಗೆ ಹೂತಿದ್ದ ಹಳೆಯ ಮೊಳೆಯೊಂದು ಉಳಿಗೆ ಸಿಕ್ಕಿ ಹೊಸದಾಗಿ ಮಿನುಗುತ್ತಿತ್ತು. ಕಳ್ಳ ಕದಿಯಲು ಬಂದವನು ಸೊಟ್ಟ ಮುಚ್ಚಳ ನೋಡಿ ಸಹಿಸಲಾರದೆ ರಿಪೇರಿ ಮಾಡಿ ಹೋಗಿದ್ದ! ಈ ಊರಿನಲ್ಲಿ ಅಂಥ ಕಳ್ಳ ಒಬ್ಬನೇ.

ಪಕ್ಕದ ಮನೆಯಾಕೆ ಹೋದ ಮೇಲೆ ಅತ್ತೆಯ ಕಿವಿಯಲ್ಲಿ ಉಸುರಿದೆ. ಇಬ್ಬರೂ ಮುಂದಿನ ಕೋಣೆಯತ್ತ ನಡೆದೆವು. ಅತ್ತೆ ಬಾಗಿಲ ಹಿಂದೆ ನಿಂತರು.

"ಮಾವ, ಅತ್ತೆ ಪೆಟ್ಟಿಗೇನ ಯಾರೋ ರಿಪೇರಿ ಮಾಡಿದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ಮೀಸೆ ಒರೆಸಿಕೊಂಡರು.

"ಹೌದಾ? ಯಾರಪ್ಪಾ ಅದು?"

"ಯಾರೋ ಕಲಿಯೋರಿರ್ಬೇಕು ಮಾವ. ಕೆಲಸ ಒರಟು. ಎಡಗಡೆ ಕೀಲು ಎದ್ದು ನಿಂತಿದೆ."

ಮಾವನ ಕೈಯಲ್ಲಿದ್ದ ಕೊಡತಿ ಬಿತ್ತು. "ಎಲ್ಲಿ ಎದ್ದಿದೆ? ಎಡಗಡೇನಾ? ಅಲ್ಲಿ ಕೂದಲೂ ತೂರಲ್ಲ! ಮಧ್ಯ ಮೊಳೆ ಅಡ್ಡ ಬಂದ್ರೂ ಹೆಂಗೆ ಕೂರಿಸಿದೀನಿ ಅಂತ ನೋಡ್ದೇನು ನೀನು?"

ಬಾಗಿಲ ಹಿಂದೆ ಬಳೆ ಸದ್ದಾಯಿತು. ಮಾವ ಬಾಯಿ ಮುಚ್ಚಿಕೊಂಡರು, ಆದರೆ ಹೊತ್ತು ಮೀರಿತ್ತು.

"ವರ್ಷಗಟ್ಲೆ ಗೋಗರೆದ್ರೂ ಆಗದ ಕೆಲಸ," ಎಂದು ಅತ್ತೆ ಒಳಗೆ ಬಂದರು. "ಒಳಗಡೆ ಮಿಠಾಯಿ ಇಟ್ರೆ ಆಗುತ್ತೆ ಅಂತ ನಂಗೆ ಮೊದ್ಲೇ ಹೊಳೀಲಿಲ್ವಲ್ರೀ! ಅದಿರ್ಲಿ, ಈ ಮಗು ಮೇಲೆ ಹಾಕಿದ್ರಲ್ಲ, ನಾಚಿಕೆ ಆಗ್ಲಿಲ್ವಾ ನಿಮ್ಗೆ?"

ಮಾವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಕಿವಿಯ ತುದಿ ಕೆಂಪಾಯಿತು. ಗೋಡೆಯಿಂದ ತೆಳು ಉಳಿ ತೆಗೆದು, ಹಿಡಿ ನನ್ನ ಕಡೆಗೆ ಮಾಡಿ ಚಾಚಿದರು.

"ತಪ್ಪಾಯ್ತಮ್ಮಾ. ಮುಕ್ಕು ಹೋಗೋವರೆಗೂ ಮಸೆದ್ಕೋ. ಇನ್ಮೇಲೆ ಇದು ನಿಂದು. ನಾನೂ ನಿನ್ನ ಕೇಳ್ದೆ ಮುಟ್ಟಲ್ಲ."

ಸಾಣೆಕಲ್ಲಿನ ಮೇಲೆ ಅದನ್ನು ಮಸೆಯುವಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕುರ್ಚಿಗಳ ಜೋಡಣೆಯೆಲ್ಲ ನಾನೇ ಮಾಡಿದೆ.

ಅತ್ತೆ ಉಳಿದ ಮಿಠಾಯಿಯನ್ನೆಲ್ಲ ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಆಮೇಲೆ ಅಡುಗೆಮನೆಯಲ್ಲಿ ಎಷ್ಟೋ ಕಾಲದಿಂದ ಸಿಕ್ಕಿಕೊಳ್ಳುತ್ತಿದ್ದ ಖಾಲಿ ಡ್ರಾಯರಿಗೆ, ಮಾವ ನೋಡುತ್ತಿರುವಾಗಲೇ, ಒಂದು ದೊಡ್ಡ ಬೀಗ ಜಡಿದರು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ವಾರ ಕಳೆಯುವಷ್ಟರಲ್ಲಿ ಮಾವ ನನ್ನ ಪಕ್ಕದಲ್ಲಿ ಬಂದು ನಿಂತು ಕೆಮ್ಮಿದರು.

"ಅಮ್ಮಾ, ಆ ತೆಳು ಉಳಿ ಒಂದು ಗಳಿಗೆ ಕೊಡ್ತೀಯಾ?"

"ಯಾಕೆ ಮಾವ?"

"ಏನಿಲ್ಲ, ಸುಮ್ನೆ. ಅಡುಗೆಮನೆ ಡ್ರಾಯರ್ ಸ್ವಲ್ಪ ಬಿಗಿ ಅಂತ ನಿಮ್ಮತ್ತೆ ಪಾಪ ಒದ್ದಾಡ್ತಿರ್ತಾಳೆ."

ಉಳಿಯ ಬಾಯಿ ಒರೆಸಿ, ಹಿಡಿ ಅವರ ಕಡೆಗೆ ಮಾಡಿ ಕೊಟ್ಟೆ.

"ಮೊಳೆ ಇದ್ರೆ ನೋಡ್ಕೊಂಡು, ಮಾವ."